ಅಣ್ಣನಿಗೆ ಕಿಡ್ನಿ ಕೊಟ್ಟರೆ ಆಮೇಲೆ ಹೊಲದ ಕೆಲಸ ಮಾಡಬಹುದಾ, ಮಕ್ಕಳಾಗುತ್ತವಾ?

ಅಣ್ಣ ಹಾಸನದಲ್ಲಿ ಡಯಾಲಿಸಿಸ್ ಮಾಡಿಸ್ಕೊಳ್ತಿದ್ದಾರೆ, ಕೊಡೋಕೆ ನಿಮಗೆ ಮನಸ್ಸಿದೆ, ಆದರೆ ಪಕ್ಕೆಲುಬು ಕುಯ್ತಾರೆ, ಆಮೇಲೆ ಮಕ್ಕಳಾಗಲ್ಲ, ಭಾರ ಎತ್ತೋಕಾಗಲ್ಲ ಅಂತ ಅತ್ತೆ ಮನೆಯಲ್ಲಿ ಹೆದರಿಸ್ತಿದ್ದಾರೆ ಅಂತ ಬರೆದಿದ್ದೀರಿ. ನಾನು ಆಲೂರು ಕಡೆಯವಳು. ತಮ್ಮನಿಗೆ ನನ್ನ ಎಡಗಡೆ ಕಿಡ್ನಿ ಕೊಟ್ಟಿದ್ದೇನೆ.

ಪಕ್ಕೆಲುಬಿನ ಮಾತು ಒಂದು ಕಾಲದಲ್ಲಿ ನಿಜವೇ. ಆಗ ಪಕ್ಕೆಯಲ್ಲಿ ಗೇಣುದ್ದ ಕುಯ್ದು, ಎಷ್ಟೋ ಸಲ ಕೊನೆಯ ಪಕ್ಕೆಲುಬಿನ ತುಂಡನ್ನೂ ತೆಗೆದು ಕಿಡ್ನಿ ಹೊರಗೆ ತರುತ್ತಿದ್ದರು. 1995ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ ಮೊದಲ ಸಲ ದಾನಿಯ ಕಿಡ್ನಿಯನ್ನು ಲ್ಯಾಪ್ರೋಸ್ಕೋಪಿಯಲ್ಲಿ ತೆಗೆದರು. ಈಗ ನಮ್ಮಲ್ಲೂ ಅದೇ ರೂಢಿ. ಹೊಟ್ಟೆಗೆ ಗ್ಯಾಸ್ ತುಂಬಿ, ಮೂರ್ನಾಲ್ಕು ಸಣ್ಣ ತೂತುಗಳಿಂದ ಕೆಲಸ ಮುಗಿಸಿ, ಕಿಡ್ನಿಯನ್ನು ಕಿಬ್ಬೊಟ್ಟೆಯಲ್ಲಿ ಸಿಸೇರಿಯನ್ ಗಾಯದ ಜಾಗದಲ್ಲೇ ಚಿಕ್ಕದಾಗಿ ಕುಯ್ದು ಹೊರಗೆ ತೆಗೀತಾರೆ. ಸಾಮಾನ್ಯವಾಗಿ ನಾಲ್ಕೈದು ದಿನಕ್ಕೆ ಮನೆಗೆ ಕಳಿಸ್ತಾರೆ. ನನಗೆ ಗಾಯಕ್ಕಿಂತ ಭುಜದ ನೋವೇ ಜಾಸ್ತಿ ಇತ್ತು. ಹೊಟ್ಟೆಗೆ ತುಂಬಿದ ಗ್ಯಾಸಿನಿಂದ ಹಾಗಾಗುತ್ತೆ, ತಾನಾಗಿ ಹೋಗುತ್ತೆ. ಇದನ್ನು ಯಾರೂ ಮೊದಲೇ ಹೇಳಿರಲಿಲ್ಲ, ಅದಕ್ಕೇ ನಿಮಗೆ ಹೇಳ್ತಿದ್ದೀನಿ.

ಎಡಗಡೆಯದನ್ನೇ ಹೆಚ್ಚಾಗಿ ಆರಿಸೋದು ಅದರ ರಕ್ತನಾಳ ಉದ್ದ ಇರೋದರಿಂದ, ಜೋಡಿಸೋಕೆ ಸುಲಭ. ಆದರೆ ಸ್ಕ್ಯಾನ್ ಮಾಡಿ ಎರಡೂ ಕಿಡ್ನಿ ಬೇರೆಬೇರೆಯಾಗಿ ಎಷ್ಟು ಕೆಲಸ ಮಾಡ್ತಿವೆ ಅಂತ ಅಳೀತಾರೆ. ಒಂದು ಸ್ವಲ್ಪ ಕಮ್ಮಿ ಇದ್ದರೆ ಚೆನ್ನಾಗಿರೋದನ್ನು ದಾನಿಗೇ ಬಿಡ್ತಾರೆ. ಅಣ್ಣನಿಗೆ ಹೊಸದನ್ನು ಹೊಟ್ಟೆಯ ಕೆಳಭಾಗದಲ್ಲಿ ಕೂರಿಸ್ತಾರೆ, ಹಳೇವೆರಡನ್ನೂ ಸಾಮಾನ್ಯವಾಗಿ ಮುಟ್ಟಲ್ಲ.

ಆರೆಂಟು ವಾರ ಬಿಂದಿಗೆ, ಮೂಟೆ ಎತ್ತಬೇಡಿ. ಆಮೇಲೆ ನಾನು ಶುಂಠಿ ಹೊಲಕ್ಕೂ ಇಳಿದೆ, ಆಲೂಗೆಡ್ಡೆ ಕೀಳೋಕೂ ಹೋದೆ. ಮಕ್ಕಳಾಗುತ್ತವೆ. ಬಸುರಿಯಲ್ಲಿ ಬಿಪಿ ಏರೋ ಸಂಭವ ಮಾತ್ರ ಬೇರೆಯವರಿಗಿಂತ ಜಾಸ್ತಿ, ಕೊಟ್ಟ ಮೇಲೆ ಒಂದು ವರ್ಷವಾದರೂ ತಡೆದು, ಡಾಕ್ಟರಿಗೆ ತಿಳಿಸಿಯೇ ಮುಂದುವರಿಯಿರಿ. ಅಪಾಯವೇ ಇಲ್ಲ ಅಂತ ಹೇಳೋರನ್ನು ನಂಬಬೇಡಿ. ಅಮೆರಿಕದ ಲೆಕ್ಕದಲ್ಲಿ ಕಿಡ್ನಿ ಕೊಟ್ಟ 10,000 ಜನರಲ್ಲಿ ಸುಮಾರು 3 ಜನ ಆಪರೇಷನ್ ಆದ ಮೂರು ತಿಂಗಳೊಳಗೆ ತೀರಿಕೊಂಡಿದ್ದರು. ಲಿವರ್ ಆದರೂ ಕೊಡ್ತೀನಿ ಅಂತಿದ್ದಾರೆ ನಿಮ್ಮ ಭಾವ ಅಂದಿರಲ್ಲ, ಕಿಡ್ನಿ ಕೆಟ್ಟವರಿಗೆ ಅದರಿಂದ ಪ್ರಯೋಜನವಿಲ್ಲ. ಲಿವರ್ ಕೊಟ್ಟವರಿಗೆ ಅದು ಕೆಲವು ತಿಂಗಳಲ್ಲಿ ಮತ್ತೆ ಬೆಳೆಯುತ್ತೆ ನಿಜ, ಆದರೆ ಆ ಆಪರೇಷನ್ ಕಿಡ್ನಿಯದಕ್ಕಿಂತ ದೊಡ್ಡದು, ಅಪಾಯವೂ ಹೆಚ್ಚು.

ನನಗೆ ಬಹಳ ಮುಖ್ಯ ಅನಿಸೋದು ಬೇರೆ. ನಮ್ಮ ದೇಶದಲ್ಲಿ ಬದುಕಿದ್ದಾಗ ಅಂಗ ಕೊಡೋರಲ್ಲಿ ಹೆಚ್ಚಿನವರು ಹೆಂಗಸರು. ಅದಕ್ಕೇ 2014ರ ಅಂಗಾಂಗ ಕಸಿ ನಿಯಮದಲ್ಲಿ, ದಾನಿ ಹೆಂಗಸಾದರೆ ಹೆಚ್ಚು ಎಚ್ಚರ ವಹಿಸಬೇಕು, ಅವಳ ಸ್ವಂತ ಒಪ್ಪಿಗೆಯನ್ನು ಕಿಡ್ನಿ ಪಡೆಯೋರಲ್ಲದ ಬೇರೆಯವರಿಂದ ಖಾತ್ರಿ ಮಾಡ್ಕೋಬೇಕು ಅಂತಿದೆ. ಅತ್ತೆ ಬೇಡ ಅಂದರೂ, ತಾಯಿ ಅಳ್ತಾ ಕೊಡು ಅಂದರೂ, ತೀರ್ಮಾನ ನಿಮ್ಮದು ತಂಗಿ. ಡಾಕ್ಟರು ನಿಮ್ಮೊಬ್ಬರನ್ನೇ ಕೂರಿಸಿ ಕೇಳ್ತಾರೆ. ಕೇಳದಿದ್ದರೆ ನೀವೇ ಒಂಟಿಯಾಗಿ ಮಾತಾಡಬೇಕು ಅನ್ನಿ. ಕೊನೇ ಗಳಿಗೆಯಲ್ಲಿ ಬೇಡ ಅನಿಸಿದರೂ ಅಲ್ಲೇ ಹೇಳಬಹುದು.

ಕೊಡೋದು ಅಂತಾದರೆ ವರ್ಷಕ್ಕೊಮ್ಮೆ ಬಿಪಿ, ಕ್ರಿಯಾಟಿನಿನ್ (ಕಿಡ್ನಿ ಹೇಗೆ ಕೆಲಸ ಮಾಡ್ತಿದೆ ಅಂತ ತೋರಿಸೋ ರಕ್ತ ಪರೀಕ್ಷೆ), ಮೂತ್ರದ ಪರೀಕ್ಷೆ ತಪ್ಪಿಸಬೇಡಿ. ಮೈಕೈ ನೋವಿಗೆ ಮೆಡಿಕಲ್ ಶಾಪಿನಿಂದ ಡೈಕ್ಲೋಫೆನಾಕ್, ಬ್ರೂಫೆನ್ ಥರದ ಮಾತ್ರೆ ತಂದು ನುಂಗೋದನ್ನು ಇವತ್ತಿಂದಲೇ ಬಿಡಿ.