ನಾಲ್ಕು ಬೆರಳು ಉಳಿದು ನಿಂತ ಸನ್‌ರೂಫ್
ವಾಹನ ವಿಚಾರ: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಮಾನ್ಯರೇ, ನಾವು ಧಾರವಾಡದ ಸಪ್ತಾಪುರದವರು. ನಮ್ಮ ಕಾರಿಗೆ ಆರು ವರ್ಷವಾಗಿದೆ. ಕಳೆದ ತಿಂಗಳು ಹುಬ್ಬಳ್ಳಿಯಲ್ಲಿ ಅಕ್ಕನ ಮಗಳ ಮದುವೆಯಿತ್ತು. ಹೋಗುವಾಗ ಮಕ್ಕಳು ಸನ್‌ರೂಫ್ ತೆಗೆಸಿಕೊಂಡು ಎದ್ದು ನಿಂತರು. ಬೇಡವೆಂದು ಗದರಿ ಕೂರಿಸುವಷ್ಟರಲ್ಲಿ ನವನಗರ ದಾಟಿತ್ತು. ಅಂದು ರಾತ್ರಿ ಮುಚ್ಚಲು ಹೋದರೆ, ಗಾಜು ಮುಂದಕ್ಕೆ ಬಂದು, ಇನ್ನು ನಾಲ್ಕು ಬೆರಳು ಉಳಿದಿದೆ ಎನ್ನುವಾಗ ನಿಂತು, ತಾನಾಗಿಯೇ ಹಿಂದಕ್ಕೆ ಸರಿಯಿತು. ಹತ್ತಾರು ಸಲ ಸ್ವಿಚ್ ಒತ್ತಿದರೂ ಅದೇ ಕಥೆ. ಗ್ಯಾರೇಜೊಂದರಲ್ಲಿ ತೋರಿಸಿದಾಗ, ಬಿಚ್ಚಿ ನೋಡದೆಯೇ, ಗಾಜು, ಟ್ರ್ಯಾಕ್, ಮೋಟರ್ ಸಮೇತ ಪೂರ್ತಿ ಸೆಟ್ ಬದಲಿಸಬೇಕೆಂದರು. ಮನೆಯಲ್ಲಿ ಕಾರು ನಿಲ್ಲಿಸಲು ಚಾವಣಿಯಿಲ್ಲ, ಬೇವಿನ ಮರದ ಕೆಳಗೆ ನಿಲ್ಲಿಸುತ್ತೇವೆ. ಮಳೆಯೂ ಹಿಡಿದಿದೆ. ಪೂರ್ತಿ ಸೆಟ್ ಬದಲಿಸಲೇಬೇಕೇ?

ಉತ್ತರ: ತಮ್ಮ ಪತ್ರದಲ್ಲಿಯೇ ಅರ್ಧ ಉತ್ತರವಿದೆ. ಗಾಜು ನಾಲ್ಕು ಬೆರಳಿನ ದೂರದಲ್ಲಿ ನಿಂತು ತಾನಾಗಿಯೇ ಹಿಂದಕ್ಕೆ ಸರಿಯಿತು ಎಂದು ಬರೆದಿದ್ದೀರಿ. ಅದು ಹಾಗೆ ಸರಿಯಬೇಕಾದರೆ ಫ್ಯೂಸ್, ಸ್ವಿಚ್ ಮತ್ತು ಮೋಟರ್ ಮೂರೂ ಕೆಲಸ ಮಾಡುತ್ತಿರಬೇಕು, ಕೇಬಲ್ ಗಾಜನ್ನು ಹಿಡಿದುಕೊಂಡಿರಬೇಕು. ಕೆಟ್ಟಿಲ್ಲದ ಮೋಟರನ್ನೂ ಸೇರಿಸಿ ಪೂರ್ತಿ ಸೆಟ್ ಬದಲಿಸುವ ಮಾತಿಗೆ ದಯವಿಟ್ಟು ಈಗಲೇ ಒಪ್ಪಬೇಡಿ.

ಮೊದಲು ಮಳೆಯ ಮಾತು. ರಿಪೇರಿ ಒಂದು ವಾರ ತಡವಾದರೆ ನಷ್ಟವಿಲ್ಲ, ಆದರೆ ಒಂದು ರಾತ್ರಿಯ ಮಳೆ ಸೀಟು, ನೆಲಹಾಸು ಮತ್ತು ಅದರಡಿಯ ವೈರಿಂಗನ್ನು ಹಾಳುಮಾಡಬಲ್ಲದು. ಕಾರಿನ ನೆತ್ತಿಯನ್ನು ಪೂರ್ತಿ ಮುಚ್ಚುವಷ್ಟು ದೊಡ್ಡ ತಾಡಪತ್ರಿಯನ್ನು ಹಾಸಿ, ಅದರ ಹಗ್ಗಗಳನ್ನು ಚಕ್ರಗಳಿಗೆ ಕಟ್ಟಿರಿ. ಬಣ್ಣದ ಮೇಲೆ ಗಟ್ಟಿ ಅಂಟಿನ ಟೇಪ್ ಹಚ್ಚಬೇಡಿ. ಬಿಸಿಲು ಬಿದ್ದ ಮೇಲೆ ಅದನ್ನು ಕೀಳುವುದು ಕಷ್ಟ. ಸಾಧ್ಯವಾದರೆ ಕೆಲವು ದಿನ ಚಾವಣಿಯಿರುವ ಬಂಧುಗಳ ಮನೆಯಲ್ಲಿ ನಿಲ್ಲಿಸಿರಿ.

ಎರಡನೆಯದಾಗಿ, ಸ್ವಿಚ್ಚನ್ನು ಮತ್ತೆ ಮತ್ತೆ ಒತ್ತುವುದನ್ನು ಇಂದೇ ನಿಲ್ಲಿಸಿರಿ. ಇದನ್ನು ಒತ್ತಿ ಹೇಳಲು ಕಾರಣವಿದೆ. ಸಾಮಾನ್ಯವಾಗಿ ಗಾಜನ್ನು ನಡೆಸುವುದು ಒಂದೇ ಮೋಟರ್. ಅದರ ಚಿಕ್ಕ ಗೇರು ಎರಡು ಉಕ್ಕಿನ ಕೇಬಲ್‌ಗಳನ್ನು ಒಮ್ಮೆಲೇ ತಳ್ಳುತ್ತದೆ ಅಥವಾ ಎಳೆಯುತ್ತದೆ. ಕೇಬಲ್ಲಿನ ಮೈಮೇಲೆ ಸುರುಳಿಯಾಗಿ ಸುತ್ತಿದ ತಂತಿಯೇ ಗೇರಿನ ಹಲ್ಲುಗಳಿಗೆ ಹಿಡಿತ ಕೊಡುತ್ತದೆ. ಒಂದು ಕೇಬಲ್ ಎಡಬದಿಯ ಟ್ರ್ಯಾಕಿನಲ್ಲಿ, ಇನ್ನೊಂದು ಬಲಬದಿಯದರಲ್ಲಿ ಓಡಾಡುತ್ತ, ಗಾಜಿಗೆ ಜೋಡಿಸಿದ ಪ್ಲಾಸ್ಟಿಕ್ ಗೈಡುಗಳನ್ನು ಸರಿಸುತ್ತವೆ. ನೊಗಕ್ಕೆ ಕಟ್ಟಿದ ಜೋಡೆತ್ತುಗಳಲ್ಲಿ ಒಂದು ನಿಂತು ಇನ್ನೊಂದು ಎಳೆದರೆ ಕುಂಟೆ ಹೇಗೆ ಸೊಟ್ಟಗಾಗುತ್ತದೆಯೋ, ಒಂದು ಬದಿಯ ಗೈಡ್ ಸಿಕ್ಕಿಹಾಕಿಕೊಂಡಾಗ ಗಾಜೂ ಹಾಗೆಯೇ ಸೊಟ್ಟಗಾಗುತ್ತದೆ. ಆಗಲೂ ಒತ್ತುತ್ತ ಹೋದರೆ ಗೈಡ್ ಮುರಿಯುತ್ತದೆ, ಇಲ್ಲವೇ ಕೇಬಲ್ ಗೇರಿನ ಮೇಲೆ ಹಲ್ಲು ತಪ್ಪುತ್ತದೆ. ಅಲ್ಲಿಯವರೆಗೆ ಬರೀ ಸ್ವಚ್ಛತೆಯಿಂದ ಮುಗಿಯುವ ಕೆಲಸ, ಅದರಾಚೆ ಬಿಡಿಭಾಗ ಕೊಳ್ಳುವ ಕೆಲಸವಾಗುತ್ತದೆ.

ಗಾಜು ಹಿಂದಕ್ಕೆ ಸರಿದದ್ದು ಒಂದು ರಕ್ಷಣೆಯ ಏರ್ಪಾಡು. ಮೋಟರ್ ಎಷ್ಟು ಸುತ್ತು ತಿರುಗಿತು, ಯಾವ ವೇಗದಲ್ಲಿ ತಿರುಗುತ್ತಿದೆ ಎಂಬುದನ್ನು ಅದರೊಳಗಿನ ಸೆನ್ಸರ್ ಲೆಕ್ಕವಿಡುತ್ತದೆ. ಮುಚ್ಚುವಾಗ ಇದ್ದಕ್ಕಿದ್ದಂತೆ ವೇಗ ತಗ್ಗಿದರೆ, ಯಾರದೋ ಕೈಯೋ ಕುತ್ತಿಗೆಯೋ ಸಿಕ್ಕಿದೆಯೆಂದು ಭಾವಿಸಿ ಗಾಜನ್ನು ಹಿಂದಕ್ಕೆ ಒಯ್ಯುತ್ತದೆ. ತಮ್ಮ ಕಾರಿನಲ್ಲಿ ಕೈ ಸಿಕ್ಕಿಲ್ಲ, ಆದರೆ ಏನೋ ಒಂದು ಗಾಜನ್ನು ತಡೆಯುತ್ತಿದೆ. ಅದೂ ಪ್ರತಿ ಸಲ ಒಂದೇ ಜಾಗದಲ್ಲಿ ತಡೆಯುತ್ತಿದೆ. ಗ್ರೀಸ್ ಒಣಗಿ ಬಿಗಿಯಾದ ಸನ್‌ರೂಫ್ ಸಾಮಾನ್ಯವಾಗಿ ಒಂದು ದಿನ ಇಲ್ಲಿ, ಇನ್ನೊಂದು ದಿನ ಅಲ್ಲಿ ನಿಲ್ಲುತ್ತದೆ. ಒಂದೇ ಜಾಗದಲ್ಲಿ ನಿಲ್ಲುವುದು ಅಲ್ಲಿ ಒಂದು ವಸ್ತು ಅಡ್ಡವಿರುವುದರ ಗುರುತು.

ಮಕ್ಕಳು ಎದ್ದು ನಿಂತಿದ್ದರೆಂದು ತಾವು ಬರೆದಿರುವುದರಿಂದ ನನ್ನ ಮೊದಲ ಅನುಮಾನ ಗಾಳಿತಡೆಯ ಮೇಲೆ. ಗಾಜು ಹಿಂದಕ್ಕೆ ಸರಿದಾಗ ತೆರಪಿನ ಮುಂಬದಿಯಲ್ಲಿ ಸ್ಪ್ರಿಂಗ್ ಬಲದಿಂದ ಮೇಲೇಳುವ ಕಪ್ಪು ಪಟ್ಟಿ ಅಥವಾ ಬಲೆಯೊಂದಿರುತ್ತದೆ; ಗಾಳಿಯ ಗುಂಯ್‌ಗುಡುವಿಕೆಯನ್ನು ತಗ್ಗಿಸುವುದು ಅದರ ಕೆಲಸ. ಎದ್ದು ನಿಂತ ಮಕ್ಕಳು ಹಿಡಿದುಕೊಳ್ಳುವುದು ಅದನ್ನೇ, ಮೊಣಕೈ ಊರುವುದೂ ಅದರ ಮೇಲೆಯೇ. ಅದರ ತೆಳ್ಳಗಿನ ತೋಳು ಬಾಗಿದರೆ ಅಥವಾ ಸ್ಪ್ರಿಂಗ್ ತನ್ನ ಕುಳಿಯಿಂದ ಜಿಗಿದರೆ, ಗಾಜು ಮುಂದಕ್ಕೆ ಬರುವಾಗ ಪಟ್ಟಿ ಮಡಚಿಕೊಳ್ಳದೆ ಅದರ ಅಂಚಿಗೆ ಎದುರು ನಿಲ್ಲುತ್ತದೆ. ಅದು ಹೀಗೆ ಎದುರಾಗುವುದು ಗಾಜು ಪೂರ್ತಿ ಮುಚ್ಚುವುದಕ್ಕೆ ಸ್ವಲ್ಪ ಮೊದಲು, ಅಂದರೆ ತಾವು ಹೇಳುವ ನಾಲ್ಕು ಬೆರಳಿನ ಆಸುಪಾಸಿನಲ್ಲಿ.

ಇದನ್ನು ಪರೀಕ್ಷಿಸಲು ಹಗಲು ಹೊತ್ತಿನಲ್ಲಿ ಗಾಜನ್ನು ಪೂರ್ತಿ ತೆರೆದು, ಕೀ ತೆಗೆದು ಜೇಬಿನಲ್ಲಿಟ್ಟುಕೊಂಡು, ಗಾಳಿತಡೆಯ ಎಡ ತುದಿಯನ್ನು ಬೆರಳಿನಿಂದ ಕೆಳಕ್ಕೆ ಒತ್ತಿ ಬಿಡಿ, ಬಳಿಕ ಬಲ ತುದಿಯನ್ನು ಒತ್ತಿ ಬಿಡಿ. ಎರಡೂ ಒಂದೇ ರೀತಿ ಇಳಿದು ಒಂದೇ ರೀತಿ ಮೇಲೇಳಬೇಕು. ಒಂದು ಬದಿ ಸಡಿಲವಾಗಿದ್ದರೆ, ಸೊಟ್ಟಗಿದ್ದರೆ ಅಥವಾ ಒತ್ತಿದರೂ ಇಳಿಯದಿದ್ದರೆ ದೋಷ ಸಿಕ್ಕಂತಾಯಿತು. ಕಳಚಿದ ಸ್ಪ್ರಿಂಗನ್ನು ಕುಳಿಯಲ್ಲಿ ಕೂರಿಸಿದರೆ ಎಷ್ಟೋ ಸಲ ಅಲ್ಲಿಗೇ ಕೆಲಸ ಮುಗಿಯುತ್ತದೆ. ತೋಳು ಮುರಿದಿದ್ದರೂ ಹಲವು ಮಾದರಿಗಳಿಗೆ ಗಾಳಿತಡೆ ಬಿಡಿಯಾಗಿ ದೊರೆಯುತ್ತದೆ, ಚಾವಣಿಯ ಒಳಹೊದಿಕೆ ಬಿಚ್ಚದೆಯೇ ಅದನ್ನು ಬದಲಿಸಬಹುದು.

ಅಲ್ಲಿ ದೋಷ ಕಾಣದಿದ್ದರೆ ಟಾರ್ಚ್ ಹಿಡಿದು ಎರಡೂ ಬದಿಯ ಟ್ರ್ಯಾಕುಗಳನ್ನು ಉದ್ದಕ್ಕೂ ನೋಡಿರಿ. ಬೇವಿನ ಮರದ ಕೆಳಗೆ ನಿಲ್ಲುವ ಕಾರಿನಲ್ಲಿ ಎಲೆದಂಟು, ಒಣ ಹೂವು, ಕಾಯಿಯ ಬೀಜ ಇವೆಲ್ಲ ಟ್ರ್ಯಾಕಿಗೆ ಇಳಿದಿರುತ್ತವೆ, ಒಂದು ಬೇವಿನ ಬೀಜ ಗೈಡಿನ ದಾರಿಗೆ ಅಡ್ಡಬಂದರೂ ಸಾಕು. ನಮ್ಮ ಭಾಗದ ಧೂಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಧಾರವಾಡದ ಕೆಮ್ಮಣ್ಣಾಗಲಿ, ನವಲಗುಂದದ ಕಡೆಯ ಎರೆಮಣ್ಣಾಗಲಿ, ಹಳೆಯ ಗ್ರೀಸಿನೊಡನೆ ಕಲೆತರೆ ಕಣಕದಂತೆ ಗಟ್ಟಿಯಾಗಿ ಟ್ರ್ಯಾಕಿನ ಮೂಲೆಗೆ ಮೆತ್ತಿಕೊಳ್ಳುತ್ತದೆ. ಕಸವನ್ನು ವ್ಯಾಕ್ಯೂಮಿನಿಂದ ಎಳೆದು, ಹಳೆಯ ಗ್ರೀಸನ್ನು ಹಲ್ಲುಜ್ಜುವ ಹಳೆಯ ಬ್ರಶ್ಶಿನಿಂದ ಎಬ್ಬಿಸಿ, ಬಿದಿರು ಕಡ್ಡಿಗೆ ಸುತ್ತಿದ ಹತ್ತಿಯ ಬಟ್ಟೆಯಿಂದ ಒರೆಸಿ ತೆಗೆಯಿರಿ. ಸ್ಕ್ರೂಡ್ರೈವರಿನಿಂದ ಕೆರೆಯಬೇಡಿ, ಅಲ್ಯುಮಿನಿಯಂ ಟ್ರ್ಯಾಕಿನ ಮೇಲೆ ಬಿದ್ದ ಗೀರು ಮುಂದೆ ಗೈಡನ್ನು ಸವೆಸುತ್ತದೆ. ನೀರಿನ ಪ್ರೆಶರ್ ಪೈಪನ್ನಂತೂ ಹತ್ತಿರ ತರಬೇಡಿ.

ಬಳಿಕ ಕಾರಿನ ಕೈಪಿಡಿಯಲ್ಲಿ ಹೇಳಿರುವ ಗ್ರೀಸನ್ನೇ ತೆಳ್ಳಗೆ ಲೇಪಿಸಿರಿ. ಇಂಜಿನ್ ಆಯಿಲ್, ಕೊಬ್ಬರಿ ಎಣ್ಣೆ, ತುಕ್ಕು ಬಿಡಿಸುವ ಸ್ಪ್ರೇ ಇವನ್ನೆಲ್ಲ ಹಾಕಿದ ಕಾರುಗಳನ್ನು ನೋಡಿದ್ದೇನೆ. ಎರಡು ದಿನ ಗಾಜು ಸಲೀಸಾಗಿ ಓಡುತ್ತದೆ, ಬಳಿಕ ಅದೇ ಎಣ್ಣೆ ಧೂಳನ್ನು ಹಿಡಿದು ಮೊದಲಿಗಿಂತ ಬಿಗಿಯಾಗುತ್ತದೆ. ಸುತ್ತಲಿನ ರಬ್ಬರ್ ಬೀಡಿಂಗನ್ನು ಸೌಮ್ಯವಾದ ಸಾಬೂನು ನೀರಿನಿಂದ ಒರೆಸಿ, ಒಣಗಿಸಿ, ಸಿಲಿಕೋನ್ ಗ್ರೀಸ್ ಸವರಿದರೆ ಸಾಕು. ಪೆಟ್ರೋಲಿಯಂ ಮೂಲದ ಎಣ್ಣೆಯಿಂದ ರಬ್ಬರ್ ಉಬ್ಬಿ ಮೆತ್ತಗಾಗುತ್ತದೆ, ಉಬ್ಬಿದ ರಬ್ಬರ್ ತಾನೇ ಗಾಜಿಗೆ ಅಡ್ಡಿಯಾಗುತ್ತದೆ.

ಈಗ ಒಂದು ಅಳತೆ. ಗಾಜನ್ನು ಅರ್ಧಕ್ಕೆ ನಿಲ್ಲಿಸಿ, ಅದರ ಮುಂಬದಿಯ ಎಡ ಮೂಲೆಯಿಂದ ತೆರಪಿನ ಅಂಚಿಗೆ ಎಷ್ಟು ದೂರ, ಬಲ ಮೂಲೆಯಿಂದ ಎಷ್ಟು ದೂರ ಎಂದು ಸ್ಕೇಲಿನಿಂದ ಅಳೆಯಿರಿ. ಎರಡೂ ಸಮನಾಗಿದ್ದರೆ ಕೇಬಲ್ಲುಗಳು ಜೊತೆಯಾಗಿ ನಡೆಯುತ್ತಿವೆ. ಒಂದು ಬದಿ ಕಣ್ಣಿಗೆ ಕಾಣುವಷ್ಟು ಹಿಂದುಳಿದಿದ್ದರೆ ಗೈಡ್ ಮುರಿದಿದೆ ಅಥವಾ ಕೇಬಲ್ ಹಲ್ಲು ತಪ್ಪಿದೆ. ಅಲ್ಲಿಗೆ ಮನೆಯ ಕೆಲಸ ನಿಲ್ಲಿಸಿ ಅನುಭವಿ ಮೆಕ್ಯಾನಿಕರಿಗೆ ಒಪ್ಪಿಸಿರಿ.

ಅಳತೆ ಸಮನಾಗಿದ್ದು, ದಾರಿ ಶುದ್ಧವಾಗಿದ್ದು, ಆದರೂ ಗಾಜು ಹಿಂದಕ್ಕೆ ಸರಿಯುತ್ತಿದ್ದರೆ ಉಳಿದದ್ದು ಅದರ ನೆನಪಿನ ದೋಷ. ಹಲವು ಸಲ ಅಡ್ಡಿಯಾಗಿ ನಿಂತ ಮೇಲೆ ಅಥವಾ ಬ್ಯಾಟರಿ ಕಳಚಿ ಹಾಕಿದ ಮೇಲೆ, ಪೂರ್ತಿ ಮುಚ್ಚಿದ ಜಾಗ ಯಾವುದೆಂಬ ಲೆಕ್ಕ ಮೋಟರಿಗೆ ತಪ್ಪುತ್ತದೆ, ಅದನ್ನು ಹೊಸದಾಗಿ ಕಲಿಸಬೇಕು. ಹೆಚ್ಚಿನ ಕಾರುಗಳಲ್ಲಿ ಇಂಜಿನ್ ಚಾಲೂ ಇಟ್ಟು, ಮುಚ್ಚುವ ಅಥವಾ ಓರೆಯಾಗಿ ಎತ್ತುವ ದಿಕ್ಕಿಗೆ ಸ್ವಿಚ್ಚನ್ನು ಬಿಡದೆ ಹಿಡಿದುಕೊಂಡರೆ, ಗಾಜು ಒಮ್ಮೆ ಮಿಸುಕಿ ತನ್ನ ಜಾಗವನ್ನು ಗುರುತಿಸಿಕೊಳ್ಳುತ್ತದೆ. ಕ್ರಮವೂ ಹಿಡಿಯಬೇಕಾದ ಸೆಕೆಂಡುಗಳೂ ಕಾರಿನಿಂದ ಕಾರಿಗೆ ಬೇರೆ, ಅದಕ್ಕೆ ಕೈಪಿಡಿಯನ್ನೇ ನೋಡಬೇಕು. ಈ ಹೊತ್ತಿನಲ್ಲಿ ಹಲವು ಕಾರುಗಳಲ್ಲಿ ಕೈ ಸಿಕ್ಕರೆ ಹಿಂದಕ್ಕೆ ಸರಿಯುವ ರಕ್ಷಣೆ ಕೆಲಸ ಮಾಡುವುದಿಲ್ಲ. ಆದ್ದರಿಂದ ಮಕ್ಕಳನ್ನು ಕಾರಿನಿಂದ ಇಳಿಸಿ, ಬೆರಳುಗಳನ್ನು ದೂರವಿಟ್ಟುಕೊಂಡು ಮಾಡಿರಿ. ತಡೆ ಇನ್ನೂ ಅಲ್ಲಿಯೇ ಇರುವಾಗ ಈ ಕ್ರಮಕ್ಕೆ ಕೈಹಾಕುವುದು ತಪ್ಪು. ಗಾಜು ಹಿಂದಕ್ಕೆ ಸರಿಯದೆ ತಡೆಯನ್ನು ಗುದ್ದುತ್ತ ಹೋಗುತ್ತದೆ.

ಇಷ್ಟಾಗಿಯೂ ಗ್ಯಾರೇಜಿಗೆ ಹೋಗಬೇಕಾದರೆ, ಮುರಿದ ಭಾಗ ಯಾವುದು, ಕಣ್ಣಾರೆ ತೋರಿಸಿರಿ ಎಂದು ಕೇಳಲು ಸಂಕೋಚಪಡಬೇಡಿ. ಕೆಲವು ಮಾದರಿಗಳಿಗೆ ಗೈಡ್ ಮತ್ತು ಕೇಬಲ್ ಬಿಡಿಯಾಗಿ ಬರುತ್ತವೆ, ಕೆಲವಕ್ಕೆ ಕಂಪನಿ ಪೂರ್ತಿ ಸೆಟ್ಟನ್ನೇ ಕೊಡುತ್ತದೆ. ನಿಜವಾಗಿಯೂ ಎರಡನೆಯ ಬಗೆಯದಾಗಿದ್ದರೆ ಪಾರ್ಟ್ ನಂಬರ್ ಸಮೇತ ಬರೆದುಕೊಡಲು ಹೇಳಿರಿ. ಒಳಹೊದಿಕೆ ಇಳಿಸುವ ಕೆಲಸವನ್ನು ಮಾತ್ರ ಮನೆಯಲ್ಲಿ ಮಾಡಬೇಡಿ. ಕರ್ಟನ್ ಏರ್‌ಬ್ಯಾಗ್ (ಅಪಘಾತವಾದಾಗ ಕಿಟಕಿಗಳಿಗೆ ಪರದೆಯಂತೆ ಉಬ್ಬುವ ಗಾಳಿಚೀಲ) ಇರುವ ಕಾರಿನಲ್ಲಿ ಅದು ಬಾಗಿಲುಗಳ ಮೇಲ್ಭಾಗದಲ್ಲಿ ಅದೇ ಹೊದಿಕೆಯ ಅಂಚಿನಡಿ ಮಡಚಿಕೊಂಡಿರುತ್ತದೆ, ಅರಿಯದೆ ಎಳೆದರೆ ಅಪಾಯ.

ಮಕ್ಕಳ ವಿಷಯದಲ್ಲಿ ತಾವು ಗದರಿದ್ದು ಸರಿ. ಮುಂದಿನ ಕಾರು ಫಕ್ಕನೆ ಬ್ರೇಕ್ ಹಾಕಿದರೆ ಎದ್ದು ನಿಂತ ಮಗುವಿನ ಎದೆ ಬಡಿಯುವುದು ಅದೇ ತೆರಪಿನ ಅಂಚಿಗೆ.

ಪ್ರಶ್ನೆ: ಗದಗಿನಿಂದ ಬರೆಯುತ್ತಿದ್ದೇನೆ. ನಮ್ಮ ಕಾರಿನ ಸನ್‌ರೂಫ್ ಸ್ವಿಚ್ ಒತ್ತಿದರೆ ಯಾವ ಸದ್ದೂ ಬರುವುದಿಲ್ಲ. ಗಾಜು ಮುಚ್ಚಿಯೇ ಇದೆ. ಪರಿಚಯದ ಎಲೆಕ್ಟ್ರಿಷಿಯನ್ ಒಬ್ಬರು ಬ್ಯಾಟರಿಯಿಂದ ಮೋಟರಿಗೆ ನೇರ ತಂತಿ ಕೊಟ್ಟು ನೋಡೋಣ ಎನ್ನುತ್ತಾರೆ. ಕೊಡಬಹುದೇ?

ಉತ್ತರ: ಬೇಡ. ಹಳೆಯ ಕಾರುಗಳ ಮೋಟರಿಗೆ ಎರಡೇ ತಂತಿಗಳಿದ್ದವು, ನೇರ ವಿದ್ಯುತ್ ಕೊಟ್ಟು ಪರೀಕ್ಷಿಸುವುದು ನಡೆಯುತ್ತಿತ್ತು. ಈಗಿನವುಗಳಲ್ಲಿ ನಿಯಂತ್ರಣದ ಸರ್ಕ್ಯೂಟ್ ಮೋಟರಿಗೆ ಅಂಟಿಕೊಂಡೇ ಇರುತ್ತದೆ. ತಪ್ಪು ಪಿನ್ನಿಗೆ 12 ವೋಲ್ಟ್ ತಾಗಿದರೆ ಚೆನ್ನಾಗಿದ್ದ ಮೋಟರೂ ಸುಡುತ್ತದೆ.

ಸದ್ದೇ ಇಲ್ಲವೆಂದರೆ ವಿದ್ಯುತ್ತಿನ ಕಡೆಯಿಂದ ಹುಡುಕಬೇಕು. ಫ್ಯೂಸ್ ಪೆಟ್ಟಿಗೆಯ ಮುಚ್ಚಳದ ನಕ್ಷೆಯಲ್ಲಿ ಸನ್‌ರೂಫಿನ ಫ್ಯೂಸನ್ನು ಗುರುತಿಸಿ ತೆಗೆದು ನೋಡಿರಿ. ಸುಟ್ಟಿದ್ದರೆ ಅಷ್ಟೇ ಆಂಪಿಯರಿನದನ್ನು ಹಾಕಿರಿ, ಹೆಚ್ಚಿನದನ್ನು ಎಂದಿಗೂ ಹಾಕಬೇಡಿ. ಹೊಸ ಫ್ಯೂಸೂ ಕೂಡಲೇ ಹೋದರೆ ತಂತಿಯೆಲ್ಲೋ ಕಾರಿನ ಲೋಹದ ಮೈಗೆ ತಾಗುತ್ತಿದೆ ಅಥವಾ ಮೋಟರ್ ಸಿಕ್ಕಿಕೊಂಡಿದೆ ಎಂದರ್ಥ. ಫ್ಯೂಸ್ ಸರಿಯಿದ್ದರೆ ಬ್ಯಾಟರಿಯನ್ನು ಅಳೆಯಿರಿ: ಪೂರ್ತಿ ಚಾರ್ಜ್ ಆಗಿ ವಿಶ್ರಾಂತಿಯಲ್ಲಿರುವ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸಬೇಕು, 12ಕ್ಕಿಂತ ಕೆಳಗಿದ್ದರೆ ಮೊದಲು ಅದನ್ನೇ ಸರಿಪಡಿಸಬೇಕು. ಸ್ವಲ್ಪ ಹೊತ್ತಿನ ಮುಂಚೆ ಮಕ್ಕಳು ಹತ್ತಾರು ಸಲ ತೆರೆದು ಮುಚ್ಚಿದ್ದರೆ, ಬಿಸಿಯಾದ ಮೋಟರ್ ತನ್ನನ್ನು ತಾನು ನಿಲ್ಲಿಸಿಕೊಂಡಿರಲೂಬಹುದು. ಅರ್ಧ ಗಂಟೆ ಬಿಟ್ಟು ನೋಡಿರಿ. ಇಷ್ಟರಲ್ಲಿ ಸಿಗದಿದ್ದರೆ ಸ್ವಿಚ್ ಮತ್ತು ಮೋಟರಿನ ಕನೆಕ್ಟರ್‌ಗಳನ್ನು ಕಾರಿನ ಎಲೆಕ್ಟ್ರಾನಿಕ್ ದೋಷಗಳನ್ನು ಓದುವ ಸ್ಕ್ಯಾನರ್ ಇರುವ ಗ್ಯಾರೇಜಿನಲ್ಲಿ ನೋಡಿಸಬೇಕು.

ಪ್ರಶ್ನೆ: ರಾಣೇಬೆನ್ನೂರಿನವನು ನಾನು. ಸನ್‌ರೂಫ್ ಪೂರ್ತಿ ಮುಚ್ಚುತ್ತದೆ, ಆದರೂ ಮಳೆ ಬಂದಾಗ ಒಳದೀಪದ ಹತ್ತಿರ ನೀರು ತೊಟ್ಟಿಕ್ಕುತ್ತದೆ. ರಬ್ಬರ್ ಬೀಡಿಂಗ್ ಹೊಸದು ಹಾಕಿಸಿದರೂ ನಿಲ್ಲಲಿಲ್ಲ.

ಉತ್ತರ: ಬೀಡಿಂಗ್ ಎಲ್ಲ ನೀರನ್ನೂ ತಡೆಯುವುದಿಲ್ಲ, ತಡೆಯಲೆಂದು ಮಾಡಿದ್ದೂ ಅಲ್ಲ. ಅದನ್ನು ದಾಟಿದ ನೀರು ಗಾಜಿನ ಸುತ್ತಲಿನ ತಟ್ಟೆಗೆ ಬಿದ್ದು, ಮೂಲೆಗಳ ತೆಳು ಕೊಳವೆಗಳ ಮೂಲಕ ಕಾರಿನ ಚಾವಣಿ ಹೊತ್ತ ಕಂಬಗಳೊಳಗಿಂದ ನೆಲಕ್ಕೆ ಇಳಿಯಬೇಕು. ತಮ್ಮ ಕಾರಿನಲ್ಲಿ ಮುಂಬದಿಯ ಕೊಳವೆ ಕಟ್ಟಿರುವ ಸಾಧ್ಯತೆ ಹೆಚ್ಚು. ಆ ನೀರು ಕನೆಕ್ಟರ್‌ಗೆ ಇಳಿದರೆ ಕಿಲುಬುಗಟ್ಟಿ ಮೋಟರೂ ನಿಲ್ಲುತ್ತದೆ, ಆದ್ದರಿಂದ ತಡಮಾಡಬೇಡಿ.

ಗಾಜನ್ನು ತೆರೆದು, ಮುಂದಿನ ಒಂದೊಂದು ಮೂಲೆಗೂ ಅರ್ಧ ಲೋಟ ನೀರನ್ನು ನಿಧಾನವಾಗಿ ಸುರಿದು, ಕಾರಿನ ಕೆಳಗೆ ಅದೇ ಬದಿಯಲ್ಲಿ ಇಳಿಯುವುದೇ ಎಂದು ಒಬ್ಬರು ನೋಡುತ್ತಿರಬೇಕು. ಇಳಿಯದ ಬದಿಯ ಕೊಳವೆಗೆ ಮೃದುವಾದ ನೈಲಾನ್ ದಾರವನ್ನು ಮೇಲಿನಿಂದ ನಿಧಾನವಾಗಿ ತೂರಿಸಿ ಮಣ್ಣನ್ನು ಸಡಿಲಿಸಿರಿ. ಪಂಕ್ಚರ್ ಅಂಗಡಿಯ ಗಾಳಿಯನ್ನು ರಭಸದಿಂದ ಊದಿಸಬೇಡಿ, ಕೊಳವೆ ಒಳಗೇ ಕಳಚಿಕೊಂಡರೆ ಒಳಹೊದಿಕೆ ಇಳಿಸದೆ ಮತ್ತೆ ಜೋಡಿಸಲಾಗದು. ದಾರ ಹೊರಬಂದ ಮೇಲೆ ಮತ್ತೆ ಅರ್ಧ ಲೋಟ ನೀರು ಸುರಿಯಿರಿ. ಎರಡೂ ಬದಿಯಿಂದ ಒಂದೇ ವೇಗದಲ್ಲಿ ಇಳಿಯುವವರೆಗೆ ಇದನ್ನು ಮುಂದುವರಿಸಬೇಕು.