ಓದುಗರ ಪ್ರಶ್ನೆ: ಪ್ರೊಜೆಕ್ಟರಿನ ದೀಪ ಮುಟ್ಟಬೇಡಿ, ಫಿಲ್ಟರ್ ಮರೆಯಬೇಡಿ

ಐಪಿಎಲ್ ಮುಗಿದು ಮಳೆ ಹಿಡಿಯುವ ಹೊತ್ತಿಗೆ ಉಡುಪಿಯ ನನ್ನ ರಿಪೇರಿ ಅಂಗಡಿಗೆ ಪ್ರೊಜೆಕ್ಟರುಗಳು ಒಂದೊಂದಾಗಿ ಬರತೊಡಗುತ್ತವೆ. ಈ ಸಲ ಪತ್ರಗಳೂ ಅದರ ಬಗ್ಗೆಯೇ ಹೆಚ್ಚು. ಮಿಕ್ಸಿ ಮತ್ತು ಇನ್ವರ್ಟರ್ ಕುರಿತು ಬರೆದವರು ಮುಂದಿನ ಸಂಚಿಕೆಯವರೆಗೆ ಕಾಯಬೇಕು.

ಪ್ರಶ್ನೆ: ನಮ್ಮದು ಹಳೆಯ ಹಂಚಿನ ಮನೆ. ಚಾವಡಿಯ ಗೋಡೆಗೆ ಬಿಳಿ ಬಣ್ಣ ಬಳಿದು ಅದರ ಮೇಲೆ ಕ್ರಿಕೆಟ್, ಯಕ್ಷಗಾನ ನೋಡುತ್ತೇವೆ. ಈಗೀಗ ಅರ್ಧ ಗಂಟೆ ಕಳೆಯುವಷ್ಟರಲ್ಲಿ ಫ್ಯಾನ್ ಜೋರಾಗಿ ಕೂಗುತ್ತದೆ, ಕೆಂಪು ದೀಪ ಮಿನುಗಿ ಪ್ರೊಜೆಕ್ಟರ್ ತಾನಾಗಿಯೇ ಆರುತ್ತದೆ. ಚಿತ್ರವೂ ಮಂಕಾಗಿದೆ. ಒಳಗಿನ ದೀಪವನ್ನು ಹೊರತೆಗೆದು ಸ್ಪಿರಿಟ್‌ನಲ್ಲಿ ಒರೆಸಿದರೆ ಸರಿಯಾದೀತೇ?
– ಓದುಗರೊಬ್ಬರು, ಕುಂದಾಪುರ

ಉತ್ತರ: ಬೇಡ ಮಾರಾಯರೇ, ಆ ಸ್ಪಿರಿಟ್ ಬಾಟಲಿಯನ್ನು ಮೊದಲು ಕಪಾಟಿನಲ್ಲಿಟ್ಟು ಬೀಗ ಹಾಕಿ. ಪ್ರೊಜೆಕ್ಟರಿನಲ್ಲಿ ಆಗಾಗ ತೆರೆಯಲೇಬೇಕಾದ ಮುಚ್ಚಳವೊಂದಿದೆ, ಅದನ್ನು ಯಾರೂ ತೆರೆಯುವುದಿಲ್ಲ. ತೆರೆಯಬಾರದ ಕಡೆಗೆಲ್ಲ ಸ್ಕ್ರೂಡ್ರೈವರ್ ಹೋಗುತ್ತದೆ. ನೀವು ಬರೆದ ಲಕ್ಷಣ ನೋಡಿದರೆ ನಿಮ್ಮ ಯಂತ್ರಕ್ಕೆ ಉಸಿರು ಕಟ್ಟಿದೆ.

ದೀಪದ ಮಾತನ್ನು ಮೊದಲು ಮುಗಿಸೋಣ. ಅದರೊಳಗಿರುವುದು ಪಾದರಸದ ಆವಿಯ ದೀಪ, ಫಿಲಿಪ್ಸ್ ಕಂಪನಿ 1995ರ ಸುಮಾರಿಗೆ ಯುಎಚ್‌ಪಿ ಎಂಬ ಹೆಸರಿನಲ್ಲಿ ತಂದ ಬಗೆಯದು. ಹೊಳೆಯುವ ಬಟ್ಟಲಿನ ನಡುವೆ ಬೆರಳ ತುದಿಗಿಂತ ಚಿಕ್ಕದಾದ ಕ್ವಾರ್ಟ್ಸ್ ಗುಳ್ಳೆ, ಅದರೊಳಗೆ ಎದುರುಬದುರಾಗಿ ನಿಂತ ಎರಡು ಟಂಗ್‌ಸ್ಟನ್ ಕಡ್ಡಿಗಳು, ಅವುಗಳ ನಡುವೆ ಒಂದು ಮಿಲಿಮೀಟರಿನ ಆಸುಪಾಸಿನ ಸಂದು. ಬೆಳಕು ಹುಟ್ಟುವುದು ಆ ಸಂದಿನಲ್ಲಿ. ಉರಿಯುವಾಗ ಗುಳ್ಳೆಯೊಳಗಿನ ಒತ್ತಡ ಹೊರಗಿನ ಗಾಳಿಯ ಒತ್ತಡದ ಸುಮಾರು 200 ಪಟ್ಟು. ಕಾರಿನ ಟೈರಿಗೆ ನೀವು ತುಂಬಿಸುವುದು ಅದರ ಮುಂದೆ ಏನೂ ಅಲ್ಲ. ಗುಳ್ಳೆಯ ಗೋಡೆ 1000 ಡಿಗ್ರಿ ಸೆಲ್ಸಿಯಸ್ ಹತ್ತಿರ ಕಾಯುತ್ತದೆ. ಬೆರಳಿನ ಎಣ್ಣೆಯ ಪಸೆ ಅದರ ಮೇಲೆ ಉಳಿದರೆ ಮುಂದಿನ ಸಲ ಉರಿಯುವಾಗ ಆ ಜಾಗ ಬೆಳ್ಳಗೆ ಮಬ್ಬಾಗಿ ದುರ್ಬಲವಾಗುತ್ತದೆ, ಒಡೆದರೂ ಒಡೆಯಿತು. ಆದ್ದರಿಂದ ದೀಪವನ್ನು ಒರೆಸುವ ಕ್ರಮವೇ ಇಲ್ಲ. ಆಯುಸ್ಸು ತೀರಿದಾಗ ಅದರ ಚೌಕಟ್ಟಿನ ಸಮೇತ ಬದಲಿಸುವುದು, ಅಷ್ಟೇ.

ಈಗ ಫಿಲ್ಟರಿಗೆ ಬರೋಣ. ಯಂತ್ರದ ಪಕ್ಕದಲ್ಲೋ ಹಿಂಬದಿಯಲ್ಲೋ ಸೀಳು ಸೀಳಾದ ಚಿಕ್ಕ ಮುಚ್ಚಳವಿರುತ್ತದೆ, ಕೆಲವದರಲ್ಲಿ ತಳದಲ್ಲಿ. ಉಗುರಿನಿಂದ ಒತ್ತಿ ಎಳೆದರೆ ಅಂಗೈಯಗಲದ ಜಾಲರಿಯೋ ಸ್ಪಂಜೋ ಹೊರಬರುತ್ತದೆ. ಹಂಚಿನ ಮನೆಯಿಂದ ಬಂದ ಪ್ರೊಜೆಕ್ಟರಿನ ಫಿಲ್ಟರನ್ನು ನಾನು ನೋಡದೆಯೇ ಗುರುತಿಸಬಲ್ಲೆ, ಮುಟ್ಟಿದರೆ ಸಾಕು. ಹಂಚಿನ ಸಂದಿಯಿಂದ ಉದುರುವ ಕೆಂಪು ಹುಡಿ, ಹತ್ತಿಯ ನೂಲು, ಊದುಬತ್ತಿಯ ಮಸಿ, ಇವೆಲ್ಲವನ್ನೂ ಬಂಗುಡೆ ಹುರಿದ ಎಣ್ಣೆಯ ಹೊಗೆ ಅಂಟಿಸಿ ಒಂದು ದಪ್ಪ ಪದರ ಮಾಡಿರುತ್ತದೆ. ತುದಿ ಹಿಡಿದು ಎಳೆದರೆ ಹರಿಯದೆ ಇಡಿಯಾಗಿ ಎದ್ದು ಬರುತ್ತದೆ. ಅದರ ಮೂಲಕ ಗಾಳಿ ಒಳಗೆ ಹೋಗುವುದಾದರೂ ಹೇಗೆ? ಫ್ಯಾನ್ ಕೂಗುವುದು ಅದಕ್ಕೇ, ಕೊನೆಗೆ ಯಂತ್ರ ತನ್ನ ಜೀವ ಉಳಿಸಿಕೊಳ್ಳಲು ತಾನೇ ಆರುವುದೂ ಅದಕ್ಕೇ.

ಗುಂಡಿ ಒತ್ತಿ ಆರಿಸಿ. ಫ್ಯಾನ್ ತಾನಾಗಿ ನಿಲ್ಲುವವರೆಗೆ ಕಾಯ್ದು, ಆಮೇಲೆ ಪ್ಲಗ್ ಕಿತ್ತು, ಒಂದು ಗಂಟೆ ತಣಿಯಲು ಬಿಡಿ. ಫಿಲ್ಟರನ್ನು ಅಂಗಳಕ್ಕೆ ಒಯ್ದು ಮೆದು ಬ್ರಷ್‌ನಿಂದ ಕೊಡವಿ, ವ್ಯಾಕ್ಯೂಮ್ ಕ್ಲೀನರ್ ಇದ್ದರೆ ಕಡಿಮೆ ವೇಗದಲ್ಲಿ ಎಳೆಯಿರಿ. ನಲ್ಲಿಯ ಕೆಳಗೆ ಹಿಡಿಯುವ ಮುನ್ನ ಯಂತ್ರದ ಜೊತೆ ಬಂದ ಪುಸ್ತಕ ನೋಡಿ. ತೊಳೆಯಬಹುದಾದ ಫಿಲ್ಟರುಗಳಿವೆ, ನೀರು ತಾಗಿದರೆ ಹಾಳಾಗುವವೂ ಇವೆ. ತೊಳೆದದ್ದನ್ನು ಪೂರ್ತಿ ಒಣಗಿಸದೆ ಹಾಕಬಾರದು, ಜುಲೈ ತಿಂಗಳಲ್ಲಿ ನಮ್ಮಲ್ಲಿ ಅದು ಎಷ್ಟು ದಿನಕ್ಕೆ ಒಣಗುತ್ತದೆಂದು ನಿಮಗೇ ಗೊತ್ತು. ಜಿಡ್ಡು ಹಿಡಿದಿದ್ದರೆ ತೊಳೆಯುವ ಗೋಜು ಬಿಟ್ಟು ಹೊಸದನ್ನೇ ತರಿಸಿ, ದೀಪದ ಬೆಲೆಯ ಮುಂದೆ ಅದರದ್ದು ಚಿಲ್ಲರೆ. ಫಿಲ್ಟರ್ ಇಲ್ಲದೆ ಮಾತ್ರ ಒಂದು ಓವರನ್ನೂ ನೋಡಬೇಡಿ.

ಡಬ್ಬಿಯಲ್ಲಿ ಸಿಗುವ ಗಾಳಿಯ ಸ್ಪ್ರೇ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಅಂಥ ಅನೇಕ ಡಬ್ಬಿಗಳಲ್ಲಿ ಇರುವುದು ಹೊತ್ತಿಕೊಳ್ಳುವ ಅನಿಲ. ಕಾದ ದೀಪವಿರುವ ಪೆಟ್ಟಿಗೆಯೊಳಗೆ ಅದನ್ನು ಊದುವುದು ಬೆಂಕಿಗೆ ಕರೆ ಕಳಿಸಿದಂತೆ. ಹೊತ್ತಿಕೊಳ್ಳದಿದ್ದರೂ ಹೊರಗಿದ್ದ ಧೂಳು ಒಳಗೆ ಹೋಗಿ ಕೂರುತ್ತದೆ.

ಇನ್ನೊಂದು ಅನುಮಾನ. ಹಳೆಯ ಮನೆಗಳ ಗೋಡೆಯಲ್ಲಿ ದೀಪವಿಡುವ ಗೂಡು ಇರುತ್ತದಲ್ಲ, ನಿಮ್ಮ ಪ್ರೊಜೆಕ್ಟರ್ ಅದರೊಳಗೆ ಕೂತಿದೆಯೇ? ಹಾಗಿದ್ದರೆ ಬಿಸಿಗಾಳಿ ಗೋಡೆಗೆ ಬಡಿದು ಮತ್ತೆ ಯಂತ್ರದೊಳಗೇ ಹೋಗುತ್ತದೆ. ಸುತ್ತಲೂ ಒಂದಡಿಯಾದರೂ ಜಾಗ ಬಿಟ್ಟು ಸ್ಟೂಲಿನ ಮೇಲಿಡಿ.

ಮಂಕಿನ ಮಾತು ಬೇರೆ. ಮೆನುವಿನಲ್ಲಿ ದೀಪ ಎಷ್ಟು ಗಂಟೆ ಉರಿದಿದೆ ಎಂಬ ಲೆಕ್ಕ ಸಿಗುತ್ತದೆ. ಕಂಪನಿ 4000 ಗಂಟೆ ಎಂದು ಬರೆದಿದ್ದರೆ ಅದರ ಅರ್ಥ ಸಾಮಾನ್ಯವಾಗಿ ಅಷ್ಟು ಹೊತ್ತಿಗೆ ಬೆಳಕು ಅರ್ಧಕ್ಕೆ ಇಳಿದಿರುತ್ತದೆ ಎಂದು. ಇಳಿತ ನಿಧಾನವಾದ್ದರಿಂದ ಕಣ್ಣಿಗೆ ತಿಳಿಯುವುದಿಲ್ಲ. ಗೋಡೆ ತೀರಾ ದೊಡ್ಡದಲ್ಲದಿದ್ದರೆ ದೀಪದ ಬೆಳಕನ್ನು ತುಸು ತಗ್ಗಿಸುವ ಇಕೋ ಮೋಡ್‌ನಲ್ಲಿ ನೋಡಿ, ದೀಪ ಹೆಚ್ಚು ಬಾಳುತ್ತದೆ.

ಪ್ರಶ್ನೆ: ಕಳೆದ ಮಳೆಗಾಲವಿಡೀ ಪ್ರೊಜೆಕ್ಟರನ್ನು ಅದರ ಚೀಲದಲ್ಲಿ ಕಟ್ಟಿ ಅಟ್ಟದಲ್ಲಿಟ್ಟಿದ್ದೆವು. ಈಗ ಚಿತ್ರದಲ್ಲಿ ಅಲ್ಲಲ್ಲಿ ಕಲೆಗಳು, ಒಂದು ಮೂಲೆಯಲ್ಲಿ ಹಳದಿ ಛಾಯೆ. ಯಜಮಾನರು ಲೆನ್ಸನ್ನು ಬೈರಾಸಿನಿಂದ ಚೆನ್ನಾಗಿಯೇ ಒರೆಸಿದರು, ಹೋಗಲಿಲ್ಲ. ಬಿಚ್ಚಿ ನೋಡುತ್ತೇನೆ ಎನ್ನುತ್ತಿದ್ದಾರೆ. ಬಿಡಬಹುದೇ?
– ಗೃಹಿಣಿ, ಸುರತ್ಕಲ್

ಉತ್ತರ: ಬಿಡಬೇಡಿ ಅಕ್ಕ. ಬೈರಾಸನ್ನೂ ಕೈಯಿಂದ ತೆಗೆದುಕೊಳ್ಳಿ. ಲೆನ್ಸಿನ ಮೇಲೆ ತೆಳುವಾದ ಲೇಪನವಿರುತ್ತದೆ. ಒಣ ಬಟ್ಟೆಯಿಂದ ತಿಕ್ಕಿದರೆ ಅದರ ಮೇಲಿದ್ದ ಮರಳಿನ ಕಣವೇ ಗೀರು ಎಳೆಯುತ್ತದೆ, ಸಮುದ್ರದ ಬದಿಯ ಮನೆಗಳಲ್ಲಿ ಅಂಥ ಕಣಕ್ಕೆ ಬರವಿಲ್ಲ. ಮೊದಲು ಕ್ಯಾಮೆರಾ ಅಂಗಡಿಯ ರಬ್ಬರ್ ಬ್ಲೋವರ್‌ನಿಂದ ಊದಿ. ಬೆರಳಚ್ಚು ಉಳಿದಿದ್ದರೆ ಮಾತ್ರ ಲೆನ್ಸ್ ದ್ರಾವಣದ ಒಂದು ಹನಿಯನ್ನು ಮೈಕ್ರೋಫೈಬರ್ ಬಟ್ಟೆಗೆ ಹಾಕಿ ನಡುವಿನಿಂದ ಅಂಚಿಗೆ ಸುತ್ತುತ್ತಾ ಒರೆಸಿ. ಕಿಟಕಿಯ ಗಾಜು ಒರೆಸುವ ನೀಲಿ ದ್ರಾವಣವೂ ಉಗುರುಬಣ್ಣ ತೆಗೆಯುವ ಅಸಿಟೋನೂ ಬೇಡವೇ ಬೇಡ. ಉರಿಯುತ್ತಿರುವಾಗ ಲೆನ್ಸಿನೊಳಕ್ಕೆ ಇಣುಕಲೂಬಾರದು, ಮನೆಯಲ್ಲಿ ಮಕ್ಕಳಿದ್ದರೆ ಇದನ್ನು ಎರಡು ಸಲ ಹೇಳಿ.

ಇನ್ನು ಕಲೆ ಯಾವುದರದ್ದೆಂದು ಬಿಚ್ಚದೆಯೇ ಪತ್ತೆಹಚ್ಚಬಹುದು. ಬಿಳಿ ಪರದೆ ತೋರಿಸಿ ಫೋಕಸ್ ತಿರುಗಿಸಿ. ಲೆನ್ಸಿನ ಹೊರಮೈಯ ಸಣ್ಣ ಧೂಳು ಗೋಡೆಯ ಮೇಲೆ ಕಲೆಯಾಗಿ ಮೂಡುವುದೇ ಅಪರೂಪ. ಫೋಕಸ್ ಕೆಡಿಸಿದಾಗ ಕಲೆ ಸ್ಪಷ್ಟವಾಗುತ್ತಾ ಬಂದರೆ ಧೂಳು ಒಳಗೆ, ಚಿತ್ರ ಮೂಡಿಸುವ ಎಲ್‌ಸಿಡಿ ಫಲಕದ ಹತ್ತಿರ ಕೂತಿದೆ ಎಂದರ್ಥ. ಕೆಂಪು, ಹಸಿರು, ನೀಲಿ ಬೆಳಕಿಗೆ ಒಂದೊಂದು ಫಲಕವಿರುವ ಯಂತ್ರಗಳಲ್ಲಿ ಅಂಥ ಕಲೆಗೆ ಬಣ್ಣವಿರುತ್ತದೆ, ಯಾವ ಫಲಕದಲ್ಲಿ ಧೂಳು ಎಂಬುದನ್ನು ಆ ಬಣ್ಣವೇ ಹೇಳುತ್ತದೆ. ಚಿಪ್ ಮೇಲಿನ ಪುಟ್ಟ ಕನ್ನಡಿಗಳಿಂದ ಚಿತ್ರ ಮೂಡಿಸುವ ಡಿಎಲ್‌ಪಿ ಯಂತ್ರವಾಗಿದ್ದು ಚುಕ್ಕಿಗಳು ಸೂಜಿಮೊನೆಯಷ್ಟು ಚಿಕ್ಕದಾಗಿ, ಬೆಳ್ಳಗೆ, ಕದಲದೆ ಇದ್ದರೆ ಅದು ಧೂಳೇ ಅಲ್ಲ, ಚಿಪ್‌ನ ಆ ಸೂಕ್ಷ್ಮ ಕನ್ನಡಿಗಳು ಸಿಕ್ಕಿಕೊಂಡಿವೆ. ಅದಕ್ಕೆ ಚಿಪ್ ಬದಲಿಸಬೇಕು.

ಹಳದಿ ಛಾಯೆ ನನಗೆ ಹೆಚ್ಚು ಚಿಂತೆ ತಂದಿತು. ಎಲ್‌ಸಿಡಿ ಯಂತ್ರ ಬಹುಕಾಲ ಬಿಸಿಯಲ್ಲಿ ಬೆಂದರೆ ನೀಲಿ ಬೆಳಕಿನ ದಾರಿಯಲ್ಲಿರುವ ಪೋಲರೈಸರ್ ಎಂಬ, ಬೆಳಕನ್ನು ಸೋಸುವ ಹಾಳೆ ಮೊದಲು ಸುಡುತ್ತದೆ, ನೀಲಿ ಕಡಿಮೆಯಾದ ಕಡೆ ಚಿತ್ರ ಹಳದಿಯಾಗುತ್ತದೆ. ಅಟ್ಟದಲ್ಲಿ ಇಟ್ಟದ್ದರಿಂದ ಆದದ್ದಲ್ಲ ಇದು, ಅದಕ್ಕೂ ಮೊದಲೇ ಫಿಲ್ಟರ್ ಕಟ್ಟಿಕೊಂಡಿದ್ದ ಗುರುತು. ಕಲೆಗಳು ಜೇಡನ ಬಲೆಯ ಹಾಗೆ ಕವಲೊಡೆದಿದ್ದರೆ ಮಾತ್ರ ಅದು ಬೂಷ್ಟು, ಆಗ ಅಟ್ಟವನ್ನು ದೂರಬಹುದು. ಇವುಗಳಲ್ಲಿ ಯಾವುದಿದ್ದರೂ ತಿಳಿದವರ ಕೈಗೆ ಕೊಡಿ.

ಮುಂದಿನ ಮಳೆಗಾಲಕ್ಕೆ ಚೀಲದಲ್ಲಿ ಕಟ್ಟಿಡಬೇಡಿ. ಬಟ್ಟೆಯ ಚೀಲ ತೇವ ಹೀರಿ ಹಿಡಿದಿಟ್ಟುಕೊಳ್ಳುತ್ತದೆ. ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಯಲ್ಲಿ ತೇವ ಹೀರುವ ಸಿಲಿಕಾ ಜೆಲ್ ಜೊತೆ ಇಡಬಹುದು, ನೀಲಿ ಹರಳು ಗುಲಾಬಿ ಬಣ್ಣಕ್ಕೆ ತಿರುಗಿದಾಗ ಬದಲಿಸಬೇಕು. ಅದಕ್ಕಿಂತ ಒಳ್ಳೆಯದು ವಾರಕ್ಕೊಮ್ಮೆ ಏನಾದರೂ ಹಾಕಿಕೊಂಡು ನೋಡುವುದು. ಅದರದೇ ಬಿಸಿ ಒಳಗಿನ ತೇವವನ್ನು ಓಡಿಸುತ್ತದೆ. ಎ.ಸಿ. ಕೋಣೆಯಿಂದ ಚಾವಡಿಗೆ ತಂದ ಕೂಡಲೇ ಹಚ್ಚಬೇಡಿ, ಗಾಜಿನ ಮೇಲೆ ಕಟ್ಟಿದ ಮಂಜು ಆರಲಿ.

ಪ್ರಶ್ನೆ: ದೀಪ ಬದಲಿಸಿ ಎಂಬ ಸೂಚನೆ ಬರುತ್ತಿದೆ, ಆದರೆ ಚಿತ್ರ ಚೆನ್ನಾಗಿಯೇ ಇದೆ. ಲೆಕ್ಕವನ್ನು ಸೊನ್ನೆಗೆ ತಂದರೆ ಸೂಚನೆ ಹೋಗುತ್ತದೆಂದು ಗೆಳೆಯ ಹೇಳುತ್ತಾನೆ. ಆನ್‌ಲೈನ್‌ನಲ್ಲಿ ಕಾಲುಭಾಗದ ಬೆಲೆಗೆ ಬರೀ ಬಲ್ಬ್ ಸಿಗುತ್ತದೆ, ಅದನ್ನು ಹಾಕಬಹುದೇ?
– ವಿದ್ಯಾರ್ಥಿ, ಮಣಿಪಾಲ

ಉತ್ತರ: ಸೂಚನೆ ಹೋಗುತ್ತದೆ, ಅಪಾಯ ಉಳಿಯುತ್ತದೆ. ಅವಧಿ ಮೀರಿದ ಕ್ವಾರ್ಟ್ಸ್ ಗುಳ್ಳೆ ಒಂದು ದಿನ ಪಟಾಕಿಯ ಸದ್ದು ಮಾಡಿ ಒಡೆಯಬಹುದು. ಲೆಕ್ಕವನ್ನು ಸೊನ್ನೆಗೆ ತರುವುದು ಹೊಸ ದೀಪ ಹಾಕಿದ ದಿನ ಮಾತ್ರ.

ಬರೀ ಬಲ್ಬ್ ಕೊಳ್ಳಬೇಡ. ಹಳೆಯ ಬಟ್ಟಲಿನಿಂದ ಒಂದನ್ನು ಕಿತ್ತು ಇನ್ನೊಂದನ್ನು ಕೂರಿಸುವಾಗ ಕೂದಲೆಳೆಯಷ್ಟು ಓರೆಯಾದರೂ ಬೆಳಕು ಗುರಿ ತಪ್ಪುತ್ತದೆ, ಬಿಸಿ ಬೇಡದ ಕಡೆ ಬೀಳುತ್ತದೆ. ಚೌಕಟ್ಟಿನ ಸಮೇತ ಬರುವುದನ್ನೇ, ಯಂತ್ರದ ಮಾದರಿ ಸಂಖ್ಯೆ ನೋಡಿ ಕೊಳ್ಳಬೇಕು. ಬದಲಿಸುವುದು ಕಷ್ಟವಿಲ್ಲ: ಪ್ಲಗ್ ಕಿತ್ತು ಕನಿಷ್ಠ ಒಂದು ಗಂಟೆ ಬಿಟ್ಟು, ದೀಪದ ಮುಚ್ಚಳದ ಸ್ಕ್ರೂ ಸಡಿಲಿಸಿ, ಹಿಡಿಯನ್ನು ಹಿಡಿದು ನೇರಕ್ಕೆ ಎಳೆಯುವುದು. ಹೊಸದರ ಗಾಜಿಗೆ ಕೈ ತಾಗಬಾರದು. ಮುಚ್ಚಳ ಸರಿಯಾಗಿ ಕೂರದಿದ್ದರೆ ಯಂತ್ರ ಹೊತ್ತುವುದೇ ಇಲ್ಲ. ಹೊಸ ದೀಪವೂ ಹೊತ್ತುತ್ತಿಲ್ಲವೆಂದು ನನಗೆ ಫೋನ್ ಮಾಡುವವರು ಮೊದಲು ಆ ಮುಚ್ಚಳ ನೋಡಲಿ. ತಾರಸಿಗೆ ತೂಗುಹಾಕಿದ ಯಂತ್ರವಾದರೆ ನೇರ ಕೆಳಗೆ ನಿಂತು ತೆರೆಯಬೇಡ. ಒಳಗೆ ಗಾಜು ಬಿರುಕು ಬಿಟ್ಟಿದ್ದರೆ ಚೂರು ಕಣ್ಣಿಗೇ ಬೀಳುತ್ತದೆ.

ಒಡೆದೇ ಹೋದರೆ ಎಲ್ಲರೂ ಕೋಣೆಯಿಂದ ಹೊರಗೆ ನಡೆಯಿರಿ, ಮಕ್ಕಳು ಮತ್ತು ಗರ್ಭಿಣಿಯರು ಮೊದಲು. ಎ.ಸಿ. ಆರಿಸಿ, ಕಿಟಕಿ ತೆರೆದಿಟ್ಟು ಗಾಳಿಯಾಡಲು ಬಿಡಿ. ಒಳಗಿದ್ದ ಪಾದರಸ ತೀರಾ ಸ್ವಲ್ಪ, ಆದರೂ ಆವಿಯನ್ನು ಉಸಿರಾಡಬಾರದು. ಚೂರುಗಳನ್ನು ಕೈಗವಸು ಹಾಕಿ ದಪ್ಪ ಕಾಗದದಿಂದ ಗೋರಿ ಡಬ್ಬಿಗೆ ತುಂಬಿ ಬಿಗಿಯಾಗಿ ಮುಚ್ಚಿ. ಪೊರಕೆ ಬೇಡ, ವ್ಯಾಕ್ಯೂಮ್ ಕ್ಲೀನರ್ ಅಂತೂ ಬೇಡವೇ ಬೇಡ, ಅದು ಆವಿಯನ್ನು ಮನೆ ತುಂಬ ಹರಡುತ್ತದೆ. ಯಂತ್ರದೊಳಗಿನ ಚೂರುಗಳನ್ನು ರಿಪೇರಿಯವರೇ ತೆಗೆಯಲಿ.

ಪ್ರಶ್ನೆ: ಮಳೆಗಾಲದಲ್ಲಿ ಕರೆಂಟು ಹೋಗಿ ಬಂದ ಮೇಲೆ ಪ್ರೊಜೆಕ್ಟರ್ ಹೊತ್ತುವುದೇ ಇಲ್ಲ, ಹತ್ತು ನಿಮಿಷ ಬಿಟ್ಟು ಹೊತ್ತುತ್ತದೆ. ಕೆಟ್ಟಿದೆಯೇ?
– ನಿವೃತ್ತ ಶಿಕ್ಷಕರು, ಕಾರ್ಕಳ

ಉತ್ತರ: ಕೆಟ್ಟಿಲ್ಲ ಮಾಸ್ಟ್ರೇ. ಕಾದ ಗುಳ್ಳೆಯಲ್ಲಿ ಒತ್ತಡ ಇಳಿಯದೆ ಮತ್ತೆ ಕಿಡಿ ಹಾರುವುದಿಲ್ಲ. ಕೆಡುಕು ಇರುವುದು ಕರೆಂಟು ಹೋದ ಗಳಿಗೆಯಲ್ಲಿ: ದೀಪ ಆರುವುದರ ಜೊತೆ ಫ್ಯಾನೂ ನಿಂತು, ಅಷ್ಟೂ ಬಿಸಿ ಒಳಗೇ ಉಳಿಯುತ್ತದೆ. ಚಿಕ್ಕ ಯುಪಿಎಸ್ ಒಂದನ್ನು ಜೋಡಿಸಿ. ಸಿನಿಮಾ ಮುಗಿಸಲು ಅಲ್ಲ, ಕ್ರಮವಾಗಿ ಆರಿಸಿ ಫ್ಯಾನ್ ತಿರುಗಿಸುವಷ್ಟಕ್ಕೆ ಸಾಕು. ಗುಡುಗು ಶುರುವಾದರೆ ಆರಿಸಿ ತಣಿಸಿ ಪ್ಲಗ್ಗನ್ನೂ ಕೇಬಲ್ಲನ್ನೂ ಕಿತ್ತಿಡಿ.

ಪ್ರಶ್ನೆ: ರಾತ್ರಿ ಮಳೆಹಾತೆಗಳು ಬೆಳಕಿಗೆ ಮುತ್ತುತ್ತವೆ, ಯಂತ್ರದೊಳಗೆ ಇರುವೆಗಳೂ ಸೇರಿವೆ. ಕೀಟನಾಶಕ ಹೊಡೆಯಬಹುದೇ?
– ಓದುಗರೊಬ್ಬರು, ಮೂಡುಬಿದಿರೆ

ಉತ್ತರ: ಯಂತ್ರದ ಹತ್ತಿರವೂ ಬೇಡ, ಆ ಸ್ಪ್ರೇ ಕೂಡ ಹೊತ್ತಿಕೊಳ್ಳುವಂಥದ್ದೇ. ಹಾತೆ ಏಳುವ ಸಂಜೆ ಕಿಟಕಿ ಮುಚ್ಚಿ ಜಗಲಿಯಲ್ಲೊಂದು ದೀಪ ಹಾಕಿ, ಅವು ಅತ್ತ ಹೋಗುತ್ತವೆ. ಇರುವೆಗೆ ಸ್ಟೂಲಿನ ಕಾಲುಗಳನ್ನು ನೀರಿನ ಬಟ್ಟಲಿನಲ್ಲಿಡುವ ಅಜ್ಜಿಯ ಉಪಾಯವೇ ಸಾಕು, ವೈರುಗಳು ನೆಲಕ್ಕೂ ನೀರಿಗೂ ತಾಗದಂತೆ ಮೇಲಿನಿಂದ ಬರಲಿ.

ಪ್ರಶ್ನೆ: ಎಲ್‌ಇಡಿ ಪ್ರೊಜೆಕ್ಟರಿಗೂ ಈ ರಗಳೆ ಇದೆಯೇ?
– ಓದುಗರೊಬ್ಬರು, ಬಂಟ್ವಾಳ

ಉತ್ತರ: ದೀಪ ಬದಲಿಸುವ ರಗಳೆ ಇಲ್ಲ. ಧೂಳಿನ ರಗಳೆ ಇದೆ, ಅಗ್ಗದವುಗಳಲ್ಲಿ ಫಿಲ್ಟರೇ ಇಲ್ಲದ್ದರಿಂದ ಇನ್ನೂ ಹೆಚ್ಚು.

ಪ್ರಶ್ನೆ: ತೆಗೆದ ಹಳೆಯ ದೀಪವನ್ನು ಏನು ಮಾಡುವುದು? ಗುಜರಿಯವರು ಒಯ್ಯಲು ಸಿದ್ಧರಿದ್ದಾರೆ.
– ಓದುಗರೊಬ್ಬರು, ಮಲ್ಪೆ

ಉತ್ತರ: ಅವರು ಅದನ್ನು ಒಡೆದು ಲೋಹ ಆರಿಸುತ್ತಾರೆ, ಪಾದರಸ ಅವರ ಉಸಿರಿಗೆ ಹೋಗುತ್ತದೆ. ಪಾದರಸವಿರುವ ದೀಪಗಳು 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳ ಪಟ್ಟಿಯಲ್ಲಿವೆ. ಹೊಸ ದೀಪ ಬಂದ ಪೆಟ್ಟಿಗೆಯಲ್ಲೇ ಹಳೆಯದನ್ನು ಹಾಕಿ, ಮೇಲೆ ‘ಪಾದರಸ’ ಎಂದು ಬರೆದು, ನೋಂದಾಯಿತ ಇ-ತ್ಯಾಜ್ಯ ಸಂಗ್ರಹದವರಿಗೆ ಕೊಡಿ. ಉಡುಪಿಗೆ ಬರುವುದಿದ್ದರೆ ನನ್ನ ಅಂಗಡಿಯಲ್ಲಿ ಬಿಟ್ಟು ಹೋಗಬಹುದು, ಒಂದಿಷ್ಟು ಸೇರಿದ ಮೇಲೆ ಒಟ್ಟಿಗೆ ಕಳಿಸುತ್ತೇನೆ. ಭಾನುವಾರ ಬಾಗಿಲು ಹಾಕಿರುತ್ತದೆ, ಮೆಟ್ಟಿಲ ಮೇಲೆ ಇಟ್ಟು ಹೋಗಬೇಡಿ.