ಬೋರ್ಡು ಮಲಗಿಸಿದರೆ ತಲೆ ದೊಡ್ಡದಾಗುತ್ತದೆ

ದೃಶ್ಯಕಲೆಯ ಪದವಿಯಾದ ಬಿವಿಎಯ ಮೊದಲ ವರ್ಷದವರಿಂದಲೂ ಅವರ ಮನೆಯವರಿಂದಲೂ ಬಂದ ಪ್ರಶ್ನೆಗಳಲ್ಲಿ ಐದಕ್ಕೆ ಈ ಸಲ ಉತ್ತರ.

ಪ್ರಶ್ನೆ: ಮಾಡೆಲ್ ನೋಡಿ ನಿಂತ ಭಂಗಿ ಬಿಡಿಸುವಾಗ, ಕೂತಲ್ಲಿಂದ ಎಲ್ಲ ಸರಿಯಾಗಿಯೇ ಕಾಣುತ್ತದೆ. ಗೋಡೆಗೆ ಹಾಕಿದ ಕೂಡಲೇ ತಲೆ ದೊಡ್ಡದು, ಕಾಲು ಗಿಡ್ಡ. ನನಗೆ ಕೈ ಹಿಡಿತವೇ ಇಲ್ಲವೇ? – ಬಿವಿಎ ವಿದ್ಯಾರ್ಥಿ, ದಾವಣಗೆರೆ

ಉತ್ತರ: ತಪ್ಪು ಕೈಯದಲ್ಲ, ಬೋರ್ಡಿನದು. ಅದನ್ನು ಮೇಜಿನ ಮೇಲೆ ಮಲಗಿಸಿ ಬಿಡಿಸುತ್ತಿದ್ದೀರಿ ಅನ್ನಿಸುತ್ತದೆ. ಆಗ ಹಾಳೆಯ ಮೇಲಂಚು ಕಣ್ಣಿಗೆ ದೂರ, ಕೆಳಂಚು ಹತ್ತಿರ. ದೂರದ್ದು ಕುಗ್ಗಿ ಕಾಣುವುದರಿಂದ ತಲೆಯನ್ನು ನೀವೇ ಅರಿಯದೆ ಹಿಗ್ಗಿಸಿ ಬಿಡಿಸುತ್ತೀರಿ. ಎತ್ತಿ ನಿಲ್ಲಿಸಿದಾಗ ಆ ಹಿಗ್ಗು ಬಯಲಾಗುತ್ತದೆ. ಮುಂದೆ ಬೋರ್ಡು ಒರಗಿಸಲು ಆಸರೆಯಿರುವ ಡಾಂಕಿ ಬೆಂಚಿನ ಮೇಲೆ ಕೂತು, ಹಾಳೆಯ ನಾಲ್ಕೂ ಮೂಲೆ ಕಣ್ಣಿಗೆ ಹೆಚ್ಚುಕಡಿಮೆ ಒಂದೇ ದೂರದಲ್ಲಿರುವಂತೆ ಬೋರ್ಡನ್ನು ಒರಗಿಸಿ. ಡಾಂಕಿ ಇಲ್ಲದಿದ್ದರೆ ಎದುರಿನ ಕುರ್ಚಿಯ ಬೆನ್ನಿಗೆ ಆನಿಸಿದರೂ ಸಾಕು.

ಇನ್ನು ಅಳತೆ. ಒಂದು ಕಣ್ಣು ಮುಚ್ಚಿ, ಕೈಯನ್ನು ಪೂರ್ತಿ ಚಾಚಿ, ಪೆನ್ಸಿಲ್ ತುದಿಯನ್ನು ಮಾಡೆಲ್‌ನ ನೆತ್ತಿಗೆ, ಹೆಬ್ಬೆರಳನ್ನು ಗದ್ದಕ್ಕೆ ಹೊಂದಿಸಿ. ಇದೇ ಒಂದು 'ತಲೆ'. ನಿಂತ ವಯಸ್ಕರ ಎತ್ತರ ಸಾಮಾನ್ಯವಾಗಿ ಏಳರಿಂದ ಏಳೂವರೆ ತಲೆ. ಅರ್ಧ ಬೀಳುವುದು ಸೊಂಟದಲ್ಲಲ್ಲ, ತೊಡೆಗಳು ಕೂಡುವಲ್ಲಿ. ಒಂದು ಅಳತೆಗೆ ಮೊಣಕೈ ಬಾಗಿ ಇನ್ನೊಂದಕ್ಕೆ ನೆಟ್ಟಗಾದರೆ ಎರಡೂ ಕೆಟ್ಟವು. ಪೆನ್ಸಿಲ್ ಮಾಡೆಲ್ ಕಡೆಗೆ ವಾಲಿದರೂ ಅಷ್ಟೇ. ಮೊದಲು ಹಾಳೆಯಲ್ಲಿ ನೆತ್ತಿ, ಪಾದ, ಇವೆರಡರ ಅರ್ಧ ಈ ಮೂರು ಗುರುತು ಹಾಕಿಕೊಳ್ಳಿ. ಕಣ್ಣು ಮೂಗಿಗೆ ಆಮೇಲೆ ಬನ್ನಿ. ಮುಖದಿಂದ ಶುರುಮಾಡಿ ಪಾದಕ್ಕೆ ಜಾಗ ಸಾಲದೆ ಹೋಗುವುದು ಪ್ರತಿ ಬ್ಯಾಚಿನಲ್ಲೂ ನಡೆಯುತ್ತದೆ.

ಪ್ರಶ್ನೆ: ಮಗಳು ಮೈಸೂರಿನಲ್ಲಿ ಬಿವಿಎ ಸೇರಿದ್ದಾಳೆ. ಅಂಗಡಿಯವರು ಕೊಟ್ಟ ಪಟ್ಟಿ ನೋಡಿ ಗಾಬರಿಯಾಯಿತು. ಮೊದಲಿಗೆ ಏನು ಕೊಳ್ಳಲೇಬೇಕು? – ಒಬ್ಬ ತಾಯಿ, ಹಾಸನ

ಉತ್ತರ: ಎಣ್ಣೆ ಬಣ್ಣ, ಈಸೆಲ್ (ಚಿತ್ರ ನಿಲ್ಲಿಸುವ ಸ್ಟ್ಯಾಂಡು), 48 ಬಣ್ಣದ ಡಬ್ಬಿ ಯಾವುದೂ ಈಗ ಬೇಡಮ್ಮ. ಎಚ್‌ಬಿ, 2ಬಿ, 4ಬಿ, 6ಬಿ ಪೆನ್ಸಿಲ್, ಒಂದಿಷ್ಟು ಇದ್ದಿಲು ಕಡ್ಡಿ, ಹಿಟ್ಟಿನಂತೆ ನಾದಬಹುದಾದ ನೀಡೆಡ್ ಇರೇಸರ್, ಹಾಫ್ ಇಂಪೀರಿಯಲ್ ಹಾಳೆ (15×22 ಇಂಚು) ಹಿಡಿಸುವ ಬೋರ್ಡು, ನಾಲ್ಕು ಕ್ಲಿಪ್. ಬಣ್ಣಕ್ಕೆ ಆರು ಟ್ಯೂಬ್ ಸಾಕು: ನಿಂಬೆ ಹಳದಿ ಮತ್ತು ಬೆಚ್ಚನೆಯ ಹಳದಿ, ವರ್ಮಿಲಿಯನ್ ಮತ್ತು ಕ್ರಿಮ್ಸನ್ ಕೆಂಪು, ಅಲ್ಟ್ರಾಮರೀನ್ ಮತ್ತು ಪ್ರಷ್ಯನ್ ನೀಲಿ. ಕೆಂಪು, ಹಳದಿ, ನೀಲಿ ಒಂದೊಂದೇ ಇದ್ದು, ಆ ಕೆಂಪು ವರ್ಮಿಲಿಯನ್ ಆಗಿದ್ದರೆ ನೇರಳೆ ಮಾಡಲು ಹೋದಾಗ ಕಂದು ಬರುತ್ತದೆ. ವರ್ಮಿಲಿಯನ್‌ನಲ್ಲಿ ಹಳದಿ ಛಾಯೆ ಇರುವುದೇ ಕಾರಣ. ಕ್ರಿಮ್ಸನ್ ಜೊತೆ ಅಲ್ಟ್ರಾಮರೀನ್ ಸೇರಿದರೆ ನೇರಳೆ ನಿಲ್ಲುತ್ತದೆ. ದುಡ್ಡು ಉಳಿಸುವುದಾದರೆ ಪೆನ್ಸಿಲಿನಲ್ಲಿ ಉಳಿಸಿ, ಕುಂಚದಲ್ಲಿ ಬೇಡ. 4, 8, 12ನೇ ನಂಬರಿನ ದುಂಡು ಕುಂಚ ತಲಾ ಒಂದೊಂದು ಒಳ್ಳೆಯದೇ ಇರಲಿ.

ಪ್ರಶ್ನೆ: ಜೇಡಿಮಣ್ಣಿನಲ್ಲಿ ಮಾಡಿದ ತಲೆ, ಮಣ್ಣು ಸುಡುವ ಗೂಡಾದ ಕಿಲ್ನ್‌ನಲ್ಲಿ ಸಿಡಿದು ಚೂರಾಯಿತು. ಒಳಗೆ ಗಾಳಿ ಸೇರಿತ್ತು ಎನ್ನುತ್ತಾರೆ. ಮಣ್ಣನ್ನು ಚೆನ್ನಾಗಿಯೇ ನಾದಿದ್ದೆ. – ಶಿಲ್ಪಕಲೆ ವಿದ್ಯಾರ್ಥಿನಿ, ಕಲಬುರಗಿ

ಉತ್ತರ: ಪಾಪ, ಗಾಳಿಯ ಮೇಲೆ ಎಲ್ಲರೂ ಗೂಬೆ ಕೂರಿಸುತ್ತಾರೆ. ಸಿಡಿಸುವುದು ನೀರು. ದಪ್ಪ ಮಣ್ಣಿನ ಹೊರಮೈ ಒಣಗಿ ಬಿಳಿಚಿಕೊಂಡರೂ ನಡುವೆ ತೇವ ಉಳಿದಿರುತ್ತದೆ. ಶಾಖ 100 ಡಿಗ್ರಿ ಸೆಲ್ಸಿಯಸ್ ದಾಟಿದಾಗ ಅದು ಆವಿಯಾಗಿ ಸುಮಾರು 1,700 ಪಟ್ಟು ಹಿಗ್ಗುತ್ತದೆ. ಹೊರಬರಲು ದಾರಿ ಸಿಗದೆ ಮಣ್ಣನ್ನೇ ಒಡೆಯುತ್ತದೆ. ನಾದುವುದು ಬೇಕೇ ಬೇಕು, ಆದರೆ ಗಟ್ಟಿ ತಲೆಯನ್ನು ಅದೊಂದೇ ಕಾಪಾಡದು.

ತಲೆಯನ್ನು ಟೊಳ್ಳು ಮಾಡಬೇಕು. ಬೆರಳು ಒತ್ತಿದರೆ ತಗ್ಗಾಗದ, ಆದರೆ ಚಾಕು ಸಲೀಸಾಗಿ ಇಳಿಯುವ ಹದ ಬಂದಾಗ ತಂತಿಯಿಂದ ನೆತ್ತಿಯನ್ನು ಟೋಪಿಯಂತೆ ಕತ್ತರಿಸಿ ತೆಗೆಯಿರಿ. ತುದಿಯಲ್ಲಿ ತಂತಿಯ ಬಳೆಯಿರುವ ಲೂಪ್ ಟೂಲ್‌ನಿಂದ ಒಳಗನ್ನು ಕೆರೆದು ಗೋಡೆ ಎಲ್ಲ ಕಡೆ ಒಂದೂವರೆಯಿಂದ ಎರಡು ಸೆಂಟಿಮೀಟರ್ ಉಳಿಯಲಿ. ಮೂಗು, ಗದ್ದ, ಕುತ್ತಿಗೆಯ ಹಿಂಭಾಗ ಮರೆತುಹೋಗುವ ಜಾಗಗಳು. ಸಿಡಿಯುವುದು ಹೆಚ್ಚಾಗಿ ಅಲ್ಲಿಂದಲೇ. ಒಳಗೆ ತಂತಿ, ಕಟ್ಟಿಗೆಯ ಆಧಾರವಿದ್ದರೆ ಈಗಲೇ ತೆಗೆಯಬೇಕು, ಏಕೆಂದರೆ ಮಣ್ಣು ಕುಗ್ಗುತ್ತದೆ, ತಂತಿ ಕುಗ್ಗುವುದಿಲ್ಲ. ಆಮೇಲೆ ನೆತ್ತಿಯನ್ನು ಮತ್ತೆ ಕೂರಿಸಲು, ಕೂಡುವ ಎರಡೂ ಅಂಚನ್ನು ಗೀರಿ, ಲೋಳೆಮಣ್ಣು ಸವರಿ, ಒತ್ತಿ ಅಂಟಿಸಿ. ಟೊಳ್ಳಿನಿಂದ ಹೊರಕ್ಕೆ ಒಂದು ತೂತು ಇರಲಿ.

ಒಣಗಿಸುವಾಗ ಫ್ಯಾನೂ ಬೇಡ, ಬಿಸಿಲೂ ಬೇಡ. ಪ್ಲಾಸ್ಟಿಕ್ ಸಡಿಲವಾಗಿ ಹೊದಿಸಿ ಎರಡು ವಾರ ಬಿಡಿ, ಮಳೆಗಾಲದಲ್ಲಿ ಇನ್ನೂ ಹೆಚ್ಚು. ಕೆನ್ನೆಗೆ ತಾಗಿಸಿದಾಗ ತಣ್ಣಗೆನಿಸಿದರೆ ತೇವ ಇದೆ ಎಂದೇ ಅರ್ಥ. ಕಿಲ್ನ್ ನೋಡಿಕೊಳ್ಳುವವರಿಗೆ ಹೇಳಿ, 90 ಡಿಗ್ರಿಯ ಆಸುಪಾಸಿನಲ್ಲಿ ಕೆಲವು ಗಂಟೆ ನಿಲ್ಲಿಸಲಿ, ಆಮೇಲೆ 600ರವರೆಗೆ ನಿಧಾನವಾಗಿ ಏರಿಸಲಿ; 573 ಡಿಗ್ರಿಯಲ್ಲಿ ಮಣ್ಣಿನೊಳಗಿನ ಸ್ಫಟಿಕಶಿಲೆ ಥಟ್ಟನೆ ಹಿಗ್ಗುವುದರಿಂದ ಅಲ್ಲಿ ಅವಸರಪಟ್ಟರೆ ಬಿರುಕು ಖಂಡಿತ. ಟೆರಾಕೋಟಾಕ್ಕೆ 900ರಿಂದ 1000 ಡಿಗ್ರಿ ಸಾಕು. ಮುಂದಿನ ಸಲ ಮಣ್ಣಿಗೆ ಐದರಲ್ಲೊಂದು ಪಾಲು ಗ್ರಾಗ್, ಅಂದರೆ ಸುಟ್ಟ ಮಣ್ಣಿನ ತರಿ, ಬೆರೆಸಿಕೊಳ್ಳಿ. ತೇವ ಹೊರಬರಲು ಅದು ದಾರಿ ಕೊಡುತ್ತದೆ, ಕುಗ್ಗುವುದೂ ಕಡಿಮೆ.

ಪ್ರಶ್ನೆ: ಲಿನೋಲಿಯಂ ಹಾಳೆ ಕೆತ್ತಿ ಅಚ್ಚು ಹಾಕುವ ಲಿನೋಕಟ್‌ನಲ್ಲಿ ಕನ್ನಡ ಅಕ್ಷರದ ದುಂಡು ಅಂಚುಗಳು ಮುರಿಯುತ್ತವೆ, ಅಚ್ಚೂ ಮಚ್ಚೆಮಚ್ಚೆ. – ಓದುಗರು, ಧಾರವಾಡ

ಉತ್ತರ: ತಿರುವಿನಲ್ಲಿ ಉಳಿಯನ್ನು ತಿರುಗಿಸಬೇಡಿ, ಲಿನೋವನ್ನೇ ತಿರುಗಿಸಿ. ಗಟ್ಟಿಯಾಗಿದ್ದರೆ ಕೆಲವು ನಿಮಿಷ ಬಿಸಿಲಿಗಿಟ್ಟರೆ ಮೆದುವಾಗುತ್ತದೆ. ಎಡಗೈ ಯಾವಾಗಲೂ ಉಳಿಯ ಹಿಂದಿರಲಿ. ಅಕ್ಷರ ಕನ್ನಡಿಯಲ್ಲಿ ಕಂಡಂತೆ ತಿರುಗುಮುರುಗಾಗಿ ಇರಬೇಕಾದ್ದರಿಂದ ಟ್ರೇಸಿಂಗ್ ಹಾಳೆಯಲ್ಲಿ ಬರೆದು ಮಗುಚಿ ನಕಲು ಮಾಡಿ. ಶಾಯಿಯನ್ನು ಗಾಜಿನ ಮೇಲೆ ರೋಲರ್‌ನಿಂದ ತೆಳ್ಳಗೆ ಹರಡಿ. ರೋಲರ್ ಉರುಳುವಾಗ ಸರಸರ ಸದ್ದು ಬಂದರೆ ಹದ ಸರಿ, ಪಚಪಚ ಎಂದರೆ ಶಾಯಿ ಹೆಚ್ಚಾಯಿತು, ಸಣ್ಣ ಗೀರುಗಳು ತುಂಬಿಹೋಗುತ್ತವೆ. ಬೇಸಿಗೆಯಲ್ಲಿ ನೀರಿನ ಶಾಯಿ ಹಾಳೆ ಹಾಸುವಷ್ಟರಲ್ಲೇ ಒಣಗುತ್ತದೆ. ಮಚ್ಚೆಗೆ ಅದೂ ಕಾರಣವಿರಬಹುದು. ಎಣ್ಣೆ ಶಾಯಿ ಬಳಸಿ. ಪ್ರೆಸ್ ಇಲ್ಲದಿದ್ದರೆ ತೆಳು ಹಾಳೆ ಹಾಸಿ ಚಮಚದ ಬೆನ್ನಿನಿಂದ ನಡುವಿನಿಂದ ಅಂಚಿಗೆ ಉಜ್ಜಿ.

ಪ್ರಶ್ನೆ: ಇದ್ದಿಲ ಚಿತ್ರಕ್ಕೆ, ಪುಡಿ ಅಳಿಯದಂತೆ ಹಿಡಿದಿಡುವ ಫಿಕ್ಸೆಟಿವ್ ಬದಲು ಹೇರ್ ಸ್ಪ್ರೇ ನಡೆಯುತ್ತದೆಯೇ? – ವಿದ್ಯಾರ್ಥಿ, ಬೆಂಗಳೂರು

ಉತ್ತರ: ಕ್ಲಾಸಿನ ಅಭ್ಯಾಸಕ್ಕೆ ನಡೆಯುತ್ತದೆ, ಕ್ರಮೇಣ ಹಾಳೆ ಹಳದಿಯಾಗಬಹುದು. ವರ್ಷದ ಕೊನೆಯ ಸಬ್ಮಿಷನ್‌ಗೆ, ಪ್ರದರ್ಶನಕ್ಕೆ ಇಡುವ ಚಿತ್ರಕ್ಕೆ ಬೇಡ. ಯಾವುದನ್ನೇ ಸಿಂಪಡಿಸಿದರೂ ಮೊದಲು ಬೋರ್ಡನ್ನು ತಟ್ಟಿ ಪುಡಿ ಉದುರಿಸಿ. ಹೊರಗೆ ಗಾಳಿಯಾಡುವ ಕಡೆ, ಒಂದು ಅಡಿ ದೂರದಿಂದ, ತೆಳ್ಳಗೆ ಎರಡು ಸಲ. ನಡುವೆ ಪೂರ್ತಿ ಒಣಗಲಿ. ಹತ್ತಿರದಿಂದ ಹೊಡೆದರೆ ಹನಿ ಇಳಿದು ಇದ್ದಿಲನ್ನೂ ಎಳೆದುಕೊಂಡು ಹೋಗುತ್ತದೆ.